ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ನುಂಗಿದರೆ ನಡೆಯಲ್ವಾ?

ಪ್ರಶ್ನೆ: ಅಪ್ಪನಿಗೆ 68 ವರ್ಷ. ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ. ಆಂಜೈನಾ, ಅಂದರೆ ಹೃದಯಕ್ಕೆ ರಕ್ತ ಸಾಲದೆ ಬರುವ ಎದೆ ನೋವು ಅಂತ ಹೇಳಿ ಡಾಕ್ಟರು ಸಾರ್ಬಿಟ್ರೇಟ್ 5 ಮಿ.ಗ್ರಾಂ. ಬರೆದುಕೊಟ್ಟಿದ್ದಾರೆ. ನಾಲಿಗೆ ಕೆಳಗೆ ಇಟ್ಟುಕೊಳ್ಳಬೇಕಂತೆ. ಅಪ್ಪ ನೀರಿನ ಜೊತೆ ನುಂಗಿಬಿಡುತ್ತಾರೆ. ಹೇಗೂ ಹೊಟ್ಟೆಗೇ ಹೋಗುತ್ತದೆ, ಅಷ್ಟು ಸಾಕಲ್ವಾ?

ಉತ್ತರ: ಸಾಲದು. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಹೋಗುವುದು ಲಿವರ್‌ಗೆ. ಔಷಧಿಯ ಬಹುಪಾಲು ಅಲ್ಲೇ ಒಡೆದು ಹೋಗುತ್ತದೆ. ಉಳಿದದ್ದು ಕೆಲಸ ಶುರು ಮಾಡಲು ಅರ್ಧ ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು. ಎದೆ ಹಿಡಿದುಕೊಂಡು ಕೂತವರಿಗೆ ಅಷ್ಟು ಹೊತ್ತು ಎಲ್ಲಿದೆ?

ಕನ್ನಡಿ ಮುಂದೆ ನಾಲಿಗೆ ಎತ್ತಿ ನೋಡಿ. ನೀಲಿ ರಕ್ತನಾಳಗಳು ಕಣ್ಣಿಗೇ ಕಾಣುತ್ತವೆ. ಅಷ್ಟು ತೆಳು ಪದರ ಅದು. ಅಲ್ಲಿ ಕರಗಿದ ಮಾತ್ರೆ ನೇರ ರಕ್ತಕ್ಕೆ ಸೇರಿ, ಕೆಲವೇ ನಿಮಿಷಗಳಲ್ಲಿ ನೋವು ಇಳಿಸುತ್ತದೆ. ಬಾಯಿ ಒಣಗಿದ್ದರೆ ಮೊದಲು ಒಂದು ಗುಟುಕು ನೀರು ಕುಡಿಯಲಿ.

ಈ ಮಾತ್ರೆ ಬ್ಲಾಕ್ ಕರಗಿಸುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಇಲ್ಲ. ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗಿ ಅದರ ದುಡಿಮೆ ಹಗುರಾಗುತ್ತದೆ. ಬಿಪಿಯೂ ಇಳಿಯುವುದರಿಂದ ನಿಂತಿದ್ದರೆ ತಲೆ ಸುತ್ತಿ ಬೀಳಬಹುದು. ಅದಕ್ಕೇ ಮೊದಲು ಕೂತುಕೊಳ್ಳಬೇಕು, ಆಮೇಲೆ ಮಾತ್ರೆ. ತಲೆ ಸಿಡಿದರೆ ಗಾಬರಿ ಬೇಡ, ತಲೆಯ ರಕ್ತನಾಳಗಳೂ ಹಿಗ್ಗಿರುತ್ತವೆ.

ಐದು ನಿಮಿಷವಾದರೂ ನೋವು ಇಳಿಯದಿದ್ದರೆ, ಅಥವಾ ಜಾಸ್ತಿಯಾದರೆ, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಐದೈದು ನಿಮಿಷಕ್ಕೆ ಇನ್ನೊಂದು ಇಡಬಹುದು, ಡಾಕ್ಟರು ಹಾಗೆ ಹೇಳಿದ್ದರೆ ಮಾತ್ರ. ಒಟ್ಟು ಮೂರು ದಾಟಬಾರದು. 'ಗ್ಯಾಸ್ ಇರಬೇಕು, ನೋಡೋಣ' ಅಂತ ಸುಮ್ನೆ ಕೂರಬೇಡಿ.

ಮಕ್ಕಳ ಮುಂದೆ ಅಪ್ಪಂದಿರು ಹೇಳದ ವಿಷಯವೊಂದಿದೆ. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ಅಥವಾ ಟಡಾಲಾಫಿಲ್ ತೆಗೆದುಕೊಳ್ಳುವವರು ಈ ಮಾತ್ರೆ ಮುಟ್ಟಲೇಬಾರದು. ಎರಡೂ ಸೇರಿದರೆ ಬಿಪಿ ಜೀವಕ್ಕೇ ಅಪಾಯವಾಗುವಷ್ಟು ಕುಸಿಯಬಹುದು. ಡಾಕ್ಟರ ಹತ್ತಿರ ಅಪ್ಪ ಒಬ್ಬರೇ ಮಾತಾಡಲು ಐದು ನಿಮಿಷ ಬಿಡಿ. ಇನ್ನು ಪಕ್ಕದ ಮನೆಯವರಿಗೆ ಎದೆ ನೋವು ಬಂತೆಂದು ಅಪ್ಪನ ಮಾತ್ರೆ ಕೊಡಬೇಡಿ. ಅವರ ಬಿಪಿ ಎಷ್ಟಿದೆಯೋ ನಮಗೆ ಗೊತ್ತಿರುವುದಿಲ್ಲ.

ಎಕ್ಸ್‌ಪೈರಿ ದಿನಾಂಕ ನೋಡಿ, ಒಂದು ಸ್ಟ್ರಿಪ್ ಅಪ್ಪನ ಜೇಬಿನಲ್ಲೇ ಇರಲಿ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುವವರ ಮಾತ್ರೆ ಮಹಡಿಯ ಬೀರುವಿನಲ್ಲಿದ್ದರೆ ಏನು ಬಂತು?