ಜೊಲ್ಲೇ ಬಾಡಿಗೆ

ದೂರದಿಂದ ನೋಡಿದರೆ ಯಾರೋ ಅರ್ಧಕ್ಕೆ ಬಿಟ್ಟ ಗೋಡೌನ್ ಅನ್ನಿಸುತ್ತದೆ. ಮೂರು ಅಂತಸ್ತು, ಬಣ್ಣ ಕಾಣದ ಸಿಮೆಂಟು ಗೋಡೆ, ಒಂದೂ ಕಿಟಕಿಯಿಲ್ಲ. ಗಾಳಿಗೆಂದು ಸಾಲಾಗಿ ಪೈಪಿನ ತೂತುಗಳು. ಮೇಲ್ಗಡೆ ಒಂದು ಚೌಕ ಬಾಯಿ, ಅದರ ಪಕ್ಕದಲ್ಲಿ ಸ್ಪೀಕರ್. ಅದರಿಂದ ಎಡೆಬಿಡದ ಚಿಲಿಪಿಲಿ. ಮಲೇಷ್ಯಾದ ಪೆರಾಕ್ ರಾಜ್ಯದ ಸಿತಿಯವಾನ್ ಊರಿನ ಸುತ್ತ ಇಂಥ ಮನೆಗಳು ಕಣ್ಣು ಹಾಯಿಸಿದಲ್ಲೆಲ್ಲ ಇವೆ. ಇವೇ ಸ್ವಿಫ್ಟ್‌ಲೆಟ್ ಎಂಬ ಹಕ್ಕಿಯ ಫಾರಂಗಳು. ಇಲ್ಲಿ ಮಾರುವುದು ಹಕ್ಕಿಯನ್ನಲ್ಲ, ಚೀನೀಯರು ಬೇಯಿಸಿ ತಿನ್ನುವ ಅದರ ಗೂಡನ್ನು.

ಅಲ್ಲೇ ಹತ್ತಿರ ಕೆಲಸದಲ್ಲಿರುವ ಗೆಳೆಯನೊಬ್ಬ ನನ್ನನ್ನು ಕರೆದುಕೊಂಡು ಹೋಗಿದ್ದ. ಮನೆಯ ಯಜಮಾನರು ಚೀನೀ ಮೂಲದ ಹಿರಿಯರು. ಅಲ್ಲಿನ ರೂಢಿಯಂತೆ ಎಲ್ಲರಿಗೂ ಅವರು ಅಂಕಲ್. ಕೋಳಿ ಫಾರಂ ಥರ ಏನೋ ಇರಬೇಕು ಅಂದುಕೊಂಡಿದ್ದ ನಾನು, “ಏನು ಮೇವು ಹಾಕ್ತೀರಿ?” ಅಂತ ಕೇಳಿದೆ. ಅಂಕಲ್ ನಕ್ಕುಬಿಟ್ಟರು. ಗೆಳೆಯ ಕನ್ನಡಕ್ಕೆ ತಿರುಗಿಸಿದ: “ಏನೂ ಹಾಕಲ್ವಂತೆ. ಬೆಳಗ್ಗೆ ಹೋಗ್ತವೆ, ಸಂಜೆ ಬರ್ತವೆ. ನಾಳೆ ಬರ್ತವೋ ಇಲ್ವೋ ಅವುಗಳಿಗೇ ಗೊತ್ತಂತೆ.”

ಪಂಜರವಿಲ್ಲ, ಹಕ್ಕಿಯನ್ನು ತಡೆಯುವ ಬಾಗಿಲಿಲ್ಲ. ಹಕ್ಕಿ ಪೂರ್ತಿ ಕಾಡಿನದು. ನಮ್ಮ ಮಲೆನಾಡಿನಲ್ಲಿ ಖಾಲಿ ಪೆಟ್ಟಿಗೆಗೆ ಮೇಣ ಸವರಿಟ್ಟು ಜೇನು ಬಂದು ಕೂರಲಿ ಅಂತ ಕಾಯುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಪೆಟ್ಟಿಗೆ ಮಾತ್ರ ಮೂರು ಅಂತಸ್ತಿನದು, ಕರೆಯಲು ಮೇಣದ ಬದಲು ಸ್ಪೀಕರಿನ ಚಿಲಿಪಿಲಿ.

ಈ ಹಕ್ಕಿ ಗುಬ್ಬಿಗಿಂತಲೂ ಹಗುರ. ತೂಕ 15ರಿಂದ 18 ಗ್ರಾಂ. ಚೀನೀ ಭಾಷೆಯಲ್ಲಿ ಇದರ ಗೂಡಿಗೆ ‘ಕವಲುತೋಕೆಯ ಗೂಡು’ ಎಂದೇ ಹೆಸರು. ಆದರೆ ಇದು ಕವಲುತೋಕೆ ಅಲ್ಲ, ಅದರ ನೆಂಟನೂ ಅಲ್ಲ. ಹೂವಿನ ಮುಂದೆ ನಿಂತಲ್ಲೇ ಹಾರುವ ಹಮ್ಮಿಂಗ್‌ಬರ್ಡ್ ಇದರ ದೂರದ ದಾಯಾದಿ. ಇದರ ಕಾಲು ಎಷ್ಟು ಪುಟ್ಟದೆಂದರೆ ತಂತಿಯ ಮೇಲೆ ಕೂರಲಾಗದು. ಉಗುರು ಊರಿ ಗೋಡೆಗೆ ಜೋತುಬೀಳುವುದೊಂದೇ ಗೊತ್ತು. ಹಗಲೆಲ್ಲ ಆಕಾಶದಲ್ಲೇ ಇದ್ದು ರೆಕ್ಕೆ ಬಂದ ಇರುವೆ, ಗೆದ್ದಲು, ನೊಣ ಹಿಡಿದು ತಿನ್ನುತ್ತದೆ.

ನೆಲಕ್ಕಿಳಿದು ಹುಲ್ಲುಕಡ್ಡಿ ಆರಿಸಿ ತರಲಾಗದ ಹಕ್ಕಿ ಗೂಡು ಕಟ್ಟುವುದು ಹೇಗೆ? ಜೊಲ್ಲಿನಿಂದ. ಮರಿ ಮಾಡುವ ಕಾಲ ಬಂದಾಗ ನಾಲಿಗೆಯ ಕೆಳಗಿನ ಗ್ರಂಥಿಗಳು ಉಬ್ಬುತ್ತವೆ. ಹಕ್ಕಿ ಗೋಡೆಗೆ ಜೋತುಬಿದ್ದು, ತಲೆಯನ್ನು ಅತ್ತಿತ್ತ ಆಡಿಸುತ್ತ ಜೊಲ್ಲಿನ ಎಳೆಗಳನ್ನು ಅಂಟಿಸುತ್ತ ಹೋಗುತ್ತದೆ. ಗಾಳಿಗೆ ಎಳೆ ಒಣಗಿ ಗಟ್ಟಿಯಾಗುತ್ತದೆ. ಒಂದು ತಿಂಗಳು, ಒಂದೂವರೆ ತಿಂಗಳು ಈ ಕೆಲಸ ನಡೆದ ಮೇಲೆ ಅರ್ಧ ಹೋಳು ಮಾಡಿದ ಚಿಪ್ಪಿನಂಥ ಗೂಡು ಸಿದ್ಧ. ಒಂದನ್ನು ನನ್ನ ಅಂಗೈಯಲ್ಲಿಟ್ಟರು. ತೂಕವೇ ಗೊತ್ತಾಗಲಿಲ್ಲ. ಒಣಗಿಸಿದ ಅಕ್ಕಿ ಶಾವಿಗೆಯ ಮುದ್ದೆ ಹಿಡಿದಂತಿತ್ತು. ಒಂದು ಕಿಲೋ ಆಗಬೇಕಾದರೆ ಇಂಥವು ನೂರಕ್ಕೂ ಜಾಸ್ತಿ ಬೇಕು. ಆ ಒಂದು ಕಿಲೋಗೆ ಮಲೇಷ್ಯಾದ ಹಣದಲ್ಲಿ ಸಾವಿರಾರು ರಿಂಗಿಟ್ ಬೆಲೆ.

ಹಿಂದೆ ಗೂಡು ಸಿಗುತ್ತಿದ್ದದ್ದು ಗುಹೆಗಳಲ್ಲಿ ಮಾತ್ರ. ಬೋರ್ನಿಯೋದ ನಿಯಾ, ಗೊಮಂಟಾಂಗ್ ಗುಹೆಗಳಲ್ಲಿ ಇವತ್ತಿಗೂ ಬೆತ್ತದ ಏಣಿ, ಕಂಬ ಹತ್ತಿ ಕೀಳುತ್ತಾರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಜಾವಾ ದ್ವೀಪದ ಖಾಲಿ ಮನೆಗಳಲ್ಲಿ ಹಕ್ಕಿಗಳು ತಾವಾಗಿಯೇ ಗೂಡು ಕಟ್ಟಿದ್ದನ್ನು ಜನ ಕಂಡರು. ಮನುಷ್ಯನ ತಲೆ ಅಲ್ಲಿಂದ ಓಡತೊಡಗಿತು. ಮಲೇಷ್ಯಾದಲ್ಲಿ ಈ ಕಸುಬಿಗೆ ಭರಾಟೆ ಬಂದದ್ದು 1997ರ ಏಷ್ಯಾದ ಆರ್ಥಿಕ ಕುಸಿತದ ನಂತರ. ಮುಚ್ಚಿದ ಅಂಗಡಿಗಳ ಮೇಲಂತಸ್ತು ಹಕ್ಕಿಗಳ ಪಾಲಾಯಿತು. ಪೆನಾಂಗಿನ ಜಾರ್ಜ್‌ಟೌನ್ 2008ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿನ ಹಳೇ ಕಟ್ಟಡಗಳಿಂದ ಹಕ್ಕಿಮನೆಗಳನ್ನು ಎಬ್ಬಿಸಿದ್ದು ಬೇರೆ ಕಥೆ.

ಮಧ್ಯಾಹ್ನ, ಹಕ್ಕಿಗಳು ಹೊರಗಿರುವ ಹೊತ್ತು ನೋಡಿ ಅಂಕಲ್ ಬೀಗ ತೆಗೆದರು. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೊಡೆಯುವುದು ಹಿಕ್ಕೆಯ ಅಮೋನಿಯಾ ನಾತ. ಆಮೇಲೆ ಸೆಕೆ. ತಾಪ 28 ಡಿಗ್ರಿ ಆಸುಪಾಸು, ತೇವಾಂಶ ಶೇಕಡ 80ರಿಂದ 90. ಕಮ್ಮಿಯಾದರೆ ಗೂಡು ಒಣಗಿ ಬಿರುಕು ಬಿಡುತ್ತದೆ, ಹೆಚ್ಚಾದರೆ ಬೂಸು. ಸೂರಿನ ತುಂಬ ಮರದ ಹಲಗೆಗಳು, ಉಗುರು ಸಿಕ್ಕಲಿ ಅಂತ ಅವುಗಳಲ್ಲಿ ಗೀರು. ಹೊಸ ಮನೆಯಾದರೆ ಹಳೇ ಮನೆಯ ಹಿಕ್ಕೆ ತಂದು ಚೆಲ್ಲುತ್ತಾರೆ. ಮನುಷ್ಯನಿಗೆ ನಾತ, ಹಕ್ಕಿಗೆ ತವರಿನ ವಾಸನೆ.

ಆ ಕತ್ತಲು ಎಂಥದ್ದು ಅಂದರೆ ನನ್ನ ಕೈ ನನಗೇ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ತಲೆಯ ಮೇಲೆ ಟರ್‌ರ್‌ರ್ ಅಂತ ಸದ್ದು, ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದ ಹಾಗೆ. ಮರಿಗೆ ಉಣಿಸಲು ಬಂದ ಹಕ್ಕಿಯೊಂದು ಕತ್ತಲನ್ನು ತಡವಿ ನೋಡುತ್ತಿತ್ತು, ಸದ್ದಿನಿಂದ! ನನಗೆ ಇಡೀ ಭೇಟಿಯ ಬೆಲೆ ಸಂದದ್ದು ಆ ಕ್ಷಣದಲ್ಲಿ. ಬಾವಲಿಯ ಪ್ರತಿಧ್ವನಿ ವಿದ್ಯೆ ಎಲ್ಲರಿಗೂ ಗೊತ್ತು. ಆದರೆ ಹೆಚ್ಚಿನ ಬಾವಲಿಗಳ ಕೂಗು ನಮ್ಮ ಕಿವಿಗೆ ನಿಲುಕದಷ್ಟು ತಾರಕದ್ದು. ಸ್ವಿಫ್ಟ್‌ಲೆಟ್ ಟಕಟಕಿಸುವುದು ನಮಗೆ ಚೆನ್ನಾಗಿ ಕೇಳುವ ಸ್ಥಾಯಿಯಲ್ಲೇ. ಹಕ್ಕಿಗಳಲ್ಲಿ ಈ ವಿದ್ಯೆ ಬಲ್ಲವು ತೀರಾ ಕಮ್ಮಿ. ಸ್ವಿಫ್ಟ್‌ಲೆಟ್‌ಗಳಲ್ಲಿ ಕೆಲವು, ದಕ್ಷಿಣ ಅಮೆರಿಕದ ಎಣ್ಣೆಹಕ್ಕಿ, ಅಷ್ಟೇ.

ಗೋಡೆ 3.4 ಮೀಟರ್ ದೂರದಲ್ಲಿದೆ ಅನ್ನಿ. ಸದ್ದು ಹೋಗಿ ಬರಲು ಒಂದು ಸೆಕೆಂಡಿನ 50ನೇ ಒಂದು ಭಾಗ ಸಾಕು. ಅಷ್ಟರಲ್ಲೇ ಹಕ್ಕಿ ಅಳತೆ ಹಾಕಿ ತಿರುಗಬೇಕು. ಹತ್ತಿರವಾದಷ್ಟೂ ಟಕಟಕ ಬಿರುಸಾಗುತ್ತದೆ. ಆದರೆ ಈ ಸದ್ದಿನ ಅಲೆಗಳು ಉದ್ದ, ಹಾಗಾಗಿ ಸಣ್ಣ ಹುಳ ಹಿಡಿಯಲು ಸಾಲದು. ಬೇಟೆಗೆ ಕಣ್ಣು, ಮನೆಗೆ ಕಿವಿ. ಈ ವಿದ್ಯೆ ಇದ್ದದ್ದರಿಂದಲೇ ಹದ್ದು ಗಿಡುಗ ಬರಲಾಗದ ಕಡುಗತ್ತಲಲ್ಲಿ ಸಂಸಾರ ಹೂಡಲು ಅದಕ್ಕೆ ಸಾಧ್ಯವಾಯಿತು. ಅದೇ ಕತ್ತಲನ್ನು ಅಂಕಲ್ ಸಿಮೆಂಟಿನಲ್ಲಿ ಕಟ್ಟಿಸಿದ್ದಾರೆ.

ಬೆಳಕು ಹಾಯಿಸಿದಾಗ ಮೂಲೆಯಲ್ಲೊಂದು ಗೂಡು ಕೆಂಪಗೆ ಕಂಡಿತು. ಇದನ್ನು ‘ರಕ್ತದ ಗೂಡು’ ಎನ್ನುತ್ತಾರೆ. ಜೊಲ್ಲು ಬತ್ತಿದ ಹಕ್ಕಿ ನೆತ್ತರು ಕಕ್ಕಿ ಕಟ್ಟುತ್ತದೆ ಅಂತ ಹಳೇ ಕಥೆ. ಕಥೆ ಕೇಳಿದಷ್ಟೂ ಬೆಲೆ ಏರುತ್ತದೆ, ಅಲ್ವಾ? ನಿಜ ಸಂಗತಿ ನೆಲದಲ್ಲಿದೆ. ಕೊಳೆಯುವ ಹಿಕ್ಕೆಯಿಂದ ಏಳುವ ನೈಟ್ರೈಟಿನಂಥ ಸಾರಜನಕದ ಆವಿ ತಾಕಿ ಬಿಳಿ ಗೂಡು ಕೆಂಪಾಗುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬಿಳಿ ಗೂಡಿಗೆ ಇಂಥ ಆವಿ ಹಾಯಿಸಿಯೇ ಕೆಂಪು ಬರಿಸಿ ತೋರಿಸಿದರು. ಅದಕ್ಕೂ ಮುಂಚೆ, 2011ರಲ್ಲಿ, ಕೆಂಪು ಗೂಡುಗಳಲ್ಲಿ ನೈಟ್ರೈಟ್ ಮಿತಿಮೀರಿದೆ ಎಂದು ಚೀನಾ ಮಲೇಷ್ಯಾದ ಗೂಡನ್ನೇ ತಡೆದಿತ್ತು. ಹಣ ಕೊಟ್ಟು ಹಿಕ್ಕೆಯ ಹೊಗೆ ತಿಂದಂತಾಯಿತು.

ಗೂಡಿನಲ್ಲಿ ಎರಡು ಮೊಟ್ಟೆ. ಮೂರು ವಾರಕ್ಕೂ ಜಾಸ್ತಿ ಕಾವು, ಆಮೇಲೆ ಮರಿ ಹಾರಲು ಸುಮಾರು ಆರು ವಾರ. ಅಷ್ಟು ದಿನ ಕಾದು ಖಾಲಿ ಗೂಡಿಗೆ ನೀರು ಚಿಮುಕಿಸಿ ಹೆರೆಯುವುದು ಸರಿಯಾದ ಕ್ರಮ. ಕಾಯುವ ತಾಳ್ಮೆ ಎಲ್ಲರಿಗೂ ಇಲ್ಲ, ಮೊಟ್ಟೆ ಎಸೆದು ಗೂಡು ಕೀಳುವವರೂ ಇದ್ದಾರೆ. ಗೂಡನ್ನು ನೆನೆಸಿ ಚಿಮಟದಲ್ಲಿ ಒಂದೊಂದೇ ಪುಕ್ಕ ಆರಿಸುವವರು ಹೆಚ್ಚಾಗಿ ಹೆಂಗಸರು. ಕಣ್ಣು ಸೋಲಿಸುವ ಕೆಲಸ.

ಕಲ್ಲುಸಕ್ಕರೆ ಹಾಕಿ ಬೇಯಿಸಿದ್ದನ್ನು ಒಂದು ಬಟ್ಟಲು ಕೊಟ್ಟರು. ಮಡಿಯ ನಮ್ಮಜ್ಜಿ ನೆನಪಾದರು. ಮನುಷ್ಯರ ಎಂಜಲೇ ಆಗದವರು ಹಕ್ಕಿಯ ಎಂಜಲಿಗೆ ಏನನ್ನುತ್ತಿದ್ದರೋ! ರುಚಿ ಅಂದರೆ ಸಕ್ಕರೆಯದೇ. ಇದರಲ್ಲಿ ಪ್ರೋಟೀನು ಜಾಸ್ತಿ, ಸಯಾಲಿಕ್ ಆಮ್ಲವೂ ಇದೆ. ಕಾಂತಿ, ಆಯುಸ್ಸು ಹೆಚ್ಚುತ್ತದೆ ಎನ್ನುವ ಮಾತಿಗೆ ಪ್ರಯೋಗಾಲಯದ ಜೀವಕೋಶಗಳಾಚೆ ಗಟ್ಟಿ ಆಧಾರ ನನಗಂತೂ ಕಂಡಿಲ್ಲ. ಒಂದು ಎಚ್ಚರವಿದೆ: ಇದು ಕೆಲವರಿಗೆ ಪ್ರಾಣಕ್ಕೆ ಕುತ್ತು ತರುವಷ್ಟು ಅಲರ್ಜಿ. ಸಿಂಗಪುರದ ಮಕ್ಕಳಲ್ಲಿ ಇಂಥ ಪ್ರಕರಣಗಳನ್ನು ವೈದ್ಯರು ಸಾಕಷ್ಟು ದಾಖಲಿಸಿದ್ದಾರೆ.

“ನಿಮ್ಮಲ್ಲಿ ಈ ಹಕ್ಕಿ ಇಲ್ವಾ?” ಅಂಕಲ್ ಕೇಳಿದರು. ಇದೆ. ಅಂಡಮಾನಿನ ಗುಹೆಗಳಲ್ಲಿ ಇದೇ ಜಾತಿ. ಗೂಡುಗಳ್ಳರಿಂದ ಅದು ಅಳಿಯುವ ಹಂತಕ್ಕೆ ಬಂದಾಗ ವಿಜ್ಞಾನಿ ರವಿ ಶಂಕರನ್, ಗೂಡು ಕೀಳುತ್ತಿದ್ದವರನ್ನೇ ಗುಹೆಗಳ ಕಾವಲಿಗೆ ನಿಲ್ಲಿಸಿದರು. ನಮ್ಮ ಪಶ್ಚಿಮ ಘಟ್ಟದಲ್ಲಿರುವುದು ಇನ್ನೊಂದು ಜಾತಿ. ಅದು ಜೊಲ್ಲಿಗೆ ಪಾಚಿ, ಪುಕ್ಕ ಬೆರೆಸುತ್ತದೆ, ಹಾಗಾಗಿ ಬೆಲೆ ಕಮ್ಮಿ. ಅದರ ಪುಣ್ಯ.

ಆರೂವರೆಯ ಹೊತ್ತಿಗೆ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಆಕಾಶದಲ್ಲಿ ಕಪ್ಪು ಚುಕ್ಕೆಗಳು ಸುತ್ತತೊಡಗಿದವು. ಆಮೇಲೆ ಒಂದೊಂದೇ ಚೌಕ ಬಾಯಿಗೆ ಸುರಿದುಕೊಂಡವು. ರಸ್ತೆಯಾಚೆ ಇನ್ನೊಂದು ಮನೆ. ಕಟ್ಟಿ ಕೆಲವು ವರ್ಷವಾಗಿದೆ, ಒಳಗೆ ಬೆರಳೆಣಿಕೆಯ ಗೂಡೂ ಇಲ್ಲವಂತೆ. ಅದರ ಸ್ಪೀಕರ್ ಕೂಗುತ್ತಲೇ ಇತ್ತು. ಹತ್ತಾರು ಹಕ್ಕಿಗಳು ಅತ್ತ ಹೋಗಿ ಒಂದು ಸುತ್ತು ಹೊಡೆದು ಇತ್ತ ಬಂದವು. ಅಂಕಲ್ ಅದನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ತಮ್ಮ ಸ್ಪೀಕರಿನ ಸದ್ದನ್ನು ಒಂದಿಷ್ಟು ಏರಿಸಿ ಬಂದರು.