ಅನ್ಯಗ್ರಹದವರ ಹಬ್ಬ-ಹರಿದಿನಗಳ ಲೆಕ್ಕ ಇಡುವುದು ಹೇಗೆ?

ಓದುಗರ ಪ್ರಶ್ನೆ: ನನ್ನ ವೈಜ್ಞಾನಿಕ ಕಾದಂಬರಿಯಲ್ಲಿ ಮೂರು ಅನ್ಯಗ್ರಹ ಸಮುದಾಯಗಳಿವೆ. ಅವರ ಹಬ್ಬ, ಊಟ, ಮದುವೆ, ಹೆಸರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆದರೂ ಹತ್ತನೇ ಅಧ್ಯಾಯದ ಹೊತ್ತಿಗೆ ಎಲ್ಲ ಕಲಸುಮೇಲೋಗರ. ಇದನ್ನೆಲ್ಲ ನೆನಪಿಟ್ಟುಕೊಳ್ಳುವುದು ಹೇಗೆ?

ಶಿವಮೊಗ್ಗದಲ್ಲಿ ಬರೆಯುವ ಆಸೆಯಿರುವ ನಾಲ್ಕು ಜನ ಸೇರಿದರೆ ಈ ಮಾತು ಬಂದೇ ಬರುತ್ತದೆ. ನೋಟ್‌ಬುಕ್ ದಪ್ಪವಾದಷ್ಟೂ ಗೊಂದಲ ಹೆಚ್ಚುತ್ತದೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಂಟಿಲ್ಲದ ಪಟ್ಟಿ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಪ್ರತಿ ಆಚರಣೆಯ ಪಕ್ಕದಲ್ಲಿ ಅದು ಯಾವುದರಿಂದ ಹುಟ್ಟಿತು ಎಂಬುದನ್ನು ಬರೆಯಿರಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ, ಉಳಿದದ್ದು ವಿವರಣೆ.

ಸಾಗರ, ಸೊರಬದ ಕಡೆಯ ಭೂಮಿ ಹುಣ್ಣಿಮೆಯನ್ನೇ ನೋಡಿ. ಆಶ್ವಯುಜದ ಹುಣ್ಣಿಮೆಯ ಹೊತ್ತಿಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಹೊಡೆ ತುಂಬಿದ ಗದ್ದೆ ಎಂದರೆ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಕು. ಹಾಗಾಗಿ ರಾತ್ರಿಯಿಡೀ ಅಡುಗೆ, ಹಿತ್ತಿಲು-ಬೇಲಿಗಳಲ್ಲಿ ಕಿತ್ತು ತಂದ ಬಗೆಬಗೆಯ ಸೊಪ್ಪುಗಳ ಬೆರಕೆ, ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಯ ದಾರಿ. ಬಸುರಿಯ ಊಟ ಹೊರುವ ಬುಟ್ಟಿ ಬೋಳಾಗಿರಬಾರದು. ಅದಕ್ಕೇ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅಡುಗೆ, ಹೊತ್ತು, ಬುಟ್ಟಿ, ಚಿತ್ರ ಇಷ್ಟನ್ನೂ ಬೇರೆಬೇರೆಯಾಗಿ ಬಾಯಿಪಾಠ ಮಾಡಬೇಕಾಗಿಲ್ಲ. ಗದ್ದೆ ಬಸುರಿ ಎಂಬ ಒಂದು ಮಾತು ಗಟ್ಟಿಯಾಗಿ ನೆನಪಿದ್ದರೆ ಉಳಿದವು ತಾವಾಗಿ ಬರುತ್ತವೆ.

ಇದೇ ಕ್ರಮವನ್ನು ಆಕಾಶಕ್ಕೆ ಒಯ್ಯೋಣ. ಪ್ರಾಕ್ಸಿಮಾ ಸೆಂಟಾರಿ ಬಿ ಎಂಬ ಗ್ರಹ ಪತ್ತೆಯಾದದ್ದು 2016ರಲ್ಲಿ. ನಮ್ಮಿಂದ ಸುಮಾರು 4.2 ಜ್ಯೋತಿರ್ವರ್ಷ ದೂರ. ತನ್ನ ನಕ್ಷತ್ರವನ್ನು ಸುಮಾರು 11.2 ದಿನಕ್ಕೊಮ್ಮೆ ಸುತ್ತುತ್ತದೆ. ಅಷ್ಟು ಹತ್ತಿರದಲ್ಲಿ ಸುತ್ತುವುದರಿಂದ, ಚಂದ್ರ ನಮಗೆ ಒಂದೇ ಮುಖ ತೋರುವ ಹಾಗೆ ಈ ಗ್ರಹವೂ ನಕ್ಷತ್ರದ ಕಡೆ ಒಂದೇ ಮುಖ ಮಾಡಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ಕತ್ತಲೆ. ನಿಮ್ಮ ಜನ ಇವೆರಡರ ನಡುವಿನ ಸಂಜೆಗೆಂಪಿನ ಪಟ್ಟಿಯಲ್ಲಿದ್ದಾರೆ ಎಂದುಕೊಳ್ಳಿ. ಇಲ್ಲಿ ಹತ್ತು ವರ್ಷದ ಮಗುವಿಗೆ ಅಲ್ಲಿ 320ಕ್ಕೂ ಹೆಚ್ಚು ವರ್ಷ! ವಯಸ್ಸನ್ನು ಯಾರೂ ಹಾಗೆ ಎಣಿಸುತ್ತಾ ಕೂರುವುದಿಲ್ಲ. ಮತ್ತೆ ಹೇಗೆ ಎಣಿಸುತ್ತಾರೆ?

ಪ್ರಾಕ್ಸಿಮಾ ಆಗಾಗ ಭುಗಿಲೇಳುವ ನಕ್ಷತ್ರ. ನಮ್ಮ ಆರಿದ್ರೆ ಮಳೆ ಯಾವತ್ತು ಹುಟ್ಟುತ್ತದೆಂದು ಪಂಚಾಂಗ ಹೇಳುತ್ತದೆ, ಆ ಜ್ವಾಲೆಗೆ ಅಂಥ ಪಂಚಾಂಗವಿಲ್ಲ. ಎದ್ದಾಗ ಎಲ್ಲರೂ ನೆಲದಡಿಗೆ ಓಡಬೇಕು. ಈಗ ಈ ಒಂದೇ ಕಾರಣದಿಂದ ಬದುಕನ್ನು ಕಟ್ಟಿ. ಎಷ್ಟು ಜ್ವಾಲೆ ಕಂಡರು ಎಂಬುದೇ ವಯಸ್ಸು. ಊರೆಲ್ಲ ಒಂದೆಡೆ ಸೇರುವುದು ನೆಲದಡಿಯಲ್ಲಿ ಮಾತ್ರ, ಆದ್ದರಿಂದ ಮದುವೆಯೂ ಪಂಚಾಯಿತಿಯೂ ಅಲ್ಲೇ. ಮುಹೂರ್ತ ಗೊತ್ತಿಲ್ಲದ ಕಾರಣ ಮದುವೆಯ ಊಟ ಒಣಗಿಸಿಟ್ಟದ್ದೇ ಆಗಿರಬೇಕು, ಬಿಸಿಯೂಟ ಬಡಿಸುವ ಮನೆ ದೊಡ್ಡಸ್ತಿಕೆಯ ಮನೆ. ಹೀಗೆ ಕಟ್ಟಿದರೆ ತಪ್ಪುಗಳೂ ಬೇಗ ಕಣ್ಣಿಗೆ ಬೀಳುತ್ತವೆ. ಆ ಊರಿನ ಅಜ್ಜಿ ‘ನಾಳೆ ಬೆಳಗ್ಗೆ ಬಾ’ ಎಂದರೆ ಅದು ಮಲೆನಾಡಿನ ಅಜ್ಜಿ, ಆ ಗ್ರಹದವಳಲ್ಲ.

ಇಡೀ ಗ್ರಹಕ್ಕೆ ಒಂದೇ ಸಂಸ್ಕೃತಿ ಕೊಡುವುದು ಬಹಳ ಜನ ಮಾಡುವ ಕೆಲಸ. ನನಗದು ಒಪ್ಪಿಗೆಯಿಲ್ಲ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯೂ, ಬಯಲುಸೀಮೆಯ ಗಾಳಿ ಸೋಕುವ ಶಿಕಾರಿಪುರವೂ ಒಂದೇ ಜಿಲ್ಲೆಯಲ್ಲಿವೆ. ಮನೆಯ ಮಾಡಿನ ಇಳಿಜಾರಿನಿಂದ ಹಿಡಿದು ಸೌದೆ ಕೂಡಿಡುವ ತುರ್ತಿನವರೆಗೆ ಎಷ್ಟೆಲ್ಲ ಬದಲಾಗುತ್ತದೆ! ಪ್ರತಿ ಆಚರಣೆಗೂ ‘ಇದನ್ನು ಮಾಡದವರು ಯಾರು?’ ಎಂದು ಒಂದು ಸಾಲು ಸೇರಿಸಿ. ಎಷ್ಟೋ ಸಲ ಕಥೆ ಆ ಸಾಲಿನಲ್ಲೇ ಸಿಗುತ್ತದೆ.

ಇನ್ನೊಂದು ಅಭ್ಯಾಸವನ್ನು ನಮ್ಮ ಜಾನಪದ ಸಂಗ್ರಾಹಕರಿಂದ ಕಲಿಯಬೇಕು. ಅವರು ಹಾಡಿನ ಜೊತೆಗೆ ವಕ್ತೃವಿನ, ಅಂದರೆ ಅದನ್ನು ಹೇಳಿಕೊಟ್ಟವರ ಹೆಸರು, ಊರು ಬರೆದುಕೊಳ್ಳುತ್ತಾರೆ. ನೀವೂ ಹಾಗೆಯೇ ಮಾಡಿ: ಈ ಸಂಗತಿ ಯಾವ ಅಧ್ಯಾಯದಲ್ಲಿ ಬಂತು, ಕಣ್ಣಾರೆ ಕಂಡದ್ದೋ, ಪಾತ್ರವೊಂದು ಹೇಳಿದ್ದೋ? ಭೂಮಿಯಿಂದ ಹೋದ ಗಗನಯಾತ್ರಿ ‘ಇವರು ಸತ್ತವರಿಗೆ ಅಳುವುದಿಲ್ಲ’ ಎಂದರೆ ಅದು ಅವನ ಅಭಿಪ್ರಾಯ. ಅಳುವ ರೀತಿ ಅವನಿಗೆ ಗುರುತು ಸಿಗದೆಯೂ ಇರಬಹುದು.

ಯಾವ ಆ್ಯಪ್ ಬಳಸಬೇಕು ಎಂದೂ ಕೇಳುತ್ತಾರೆ. ಸ್ಪ್ರೆಡ್‌ಶೀಟ್ ಸಾಕು. ಆದರೆ ಕನ್ನಡದಲ್ಲಿ ಹುಡುಕುವಾಗ ಒಂದು ತೊಡಕಿದೆ. ‘ತೊರ್ಪು’ ಎಂದು ಜನಾಂಗಕ್ಕೆ ಹೆಸರಿಟ್ಟರೆ ಅದು ತೊರ್ಪಿಗೆ, ತೊರ್ಪಿನ ಎಂದು ರೂಪ ಬದಲಿಸುತ್ತದೆ. ‘ತೊರ್ಪು’ ಎಂದು ಹುಡುಕಿದರೆ ಅವು ಸಿಗುವುದಿಲ್ಲ. ‘ತೊರ್ಪಿ’ ಎಂದೂ ಹುಡುಕಿ, ಇಲ್ಲವೇ ‘ತೊರವಿ’ಯಂತೆ ವಿಭಕ್ತಿ ಹತ್ತಿದರೂ ಬುಡ ಬದಲಾಗದ ಹೆಸರಿಡಿ. ಕ್ರಿಯಾಪದದ ಕಷ್ಟ ಇನ್ನೂ ದೊಡ್ಡದು. ಗಂಡು-ಹೆಣ್ಣೆಂಬ ಭೇದವಿಲ್ಲದ ಜೀವಿ ಬಾಗಿಲಿಗೆ ಬಂದಾಗ ‘ಬಂದನು’, ‘ಬಂದಳು’, ‘ಬಂದಿತು’, ‘ಬಂದರು’ ಇವುಗಳಲ್ಲಿ ಒಂದನ್ನು ಬರೆಯಲೇಬೇಕು. ನನ್ನ ಆಯ್ಕೆ ‘ಬಂದರು’. ‘ಬಂದಿತು’ ಎಂದೊಡನೆ ಓದುಗರ ಮನಸ್ಸಿನಲ್ಲಿ ಪ್ರಾಣಿಯೊಂದು ನಿಲ್ಲುತ್ತದೆ. ಆಯ್ಕೆ ಯಾವುದೇ ಇರಲಿ, ಮೊದಲ ಅಧ್ಯಾಯಕ್ಕೆ ಮುಂಚೆಯೇ ಬರೆದಿಡಿ. ನಡುವೆ ಬದಲಿಸಿದರೆ ಪ್ರತಿ ವಾಕ್ಯವನ್ನೂ ತಿದ್ದಬೇಕಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಮೂರನೇ ಅಧ್ಯಾಯಕ್ಕೂ ಹದಿನಾಲ್ಕನೆಯದಕ್ಕೂ ತಾಳೆಯಾಗದ ಜಾಗಗಳು ಉಳಿಯುತ್ತವೆ. ಕೂಡಲೇ ಅಳಿಸಬೇಡಿ. ಎರಡನ್ನೂ ಹೇಳಿದವರು ಯಾರು, ಯಾವ ಊರಿನವರು ಎಂದು ಮೊದಲು ನೋಡಿ. ಒಬ್ಬರದು ಕತ್ತಲ ಅಂಚಿನ ಊರು, ಇನ್ನೊಬ್ಬರದು ಬೆಳಕಿನ ಅಂಚಿನದು ಎಂದಾದರೆ ಎರಡೂ ಇರಲಿ, ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿ ಜಗಳವಾಡಿಸಿ. ಒಂದೇ ಮನೆಯವರಾಗಿದ್ದು, ಸುಳ್ಳು ಹೇಳಲು ಕಾರಣವೂ ಇಲ್ಲದಿದ್ದರೆ ಹದಿನಾಲ್ಕನೆಯದನ್ನು ತಿದ್ದಿ.