ರೆಡ್‌ವುಡ್ ಕಾಡು: ಕೂಡಿ ಕೆಲಸ ಮಾಡಬೇಕಾಗಿ ಬಂದದ್ದು ಏಕೆ?

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ರೆಡ್‌ವುಡ್ ಮರಗಳಲ್ಲಿ ಕೆಲವಕ್ಕೆ 2,000 ವರ್ಷ ದಾಟಿದೆ. ಎತ್ತರ 100 ಮೀಟರ್‌ಗೂ ಜಾಸ್ತಿ. 1850ಕ್ಕೆ ಮೊದಲು ಸುಮಾರು 20 ಲಕ್ಷ ಎಕರೆ ಇದ್ದ ಹಳೆಯ ಕಾಡಿನಲ್ಲಿ ಈಗ ಉಳಿದಿರುವುದು ಶೇ. 5ರಷ್ಟು. ಸುಮ್ನೆ ಈ ಅಂಕಿ ಬಾಯಿಪಾಠ ಮಾಡಿದರೆ ಸಾಲದು. ಒಂದು ಹೊಳೆಯ ಕಥೆ ತಿಳಿದುಕೊಳ್ಳಿ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

1968ರಲ್ಲಿ ರೆಡ್‌ವುಡ್ ರಾಷ್ಟ್ರೀಯ ಉದ್ಯಾನ ಆಯಿತು. ರೆಡ್‌ವುಡ್ ಕ್ರೀಕ್ ಎಂಬ ಹೊಳೆಯ ದಡದಲ್ಲಿ ತುಂಬಾ ಎತ್ತರದ ಮರಗಳ ಗುಂಪೊಂದಿದೆ. ಅದನ್ನು ಉಳಿಸಲೆಂದು ಹೊಳೆಗುಂಟ ಒಂದು ಕಿರಿದಾದ ಪಟ್ಟಿಯನ್ನು ಉದ್ಯಾನಕ್ಕೆ ಸೇರಿಸಿದರು. ನಕ್ಷೆಯಲ್ಲಿ ಅದು ಕಾಣುತ್ತಿದ್ದ ರೀತಿಗೆ 'ಹುಳ' ಎಂದೇ ಹೆಸರು ಬಿತ್ತು. ಮೇಲಿನ ಗುಡ್ಡಗಳು ಮಾತ್ರ ನಾಟಾ ಕಂಪನಿಗಳ ಕೈಯಲ್ಲೇ ಉಳಿದವು. ಅವರು ಗುಡ್ಡ ಬೋಳಿಸಿದರು. ಮಳೆಗೆ ಮಣ್ಣು, ಕಲ್ಲು ಹೊಳೆಗಿಳಿದು ಪಾತ್ರ ತುಂಬಿತು. ಕೆಳಗಿನ ದೊಡ್ಡ ಮರಗಳ ಬುಡಕ್ಕೇ ಅಪಾಯ ಬಂತು. ಮರಕ್ಕೆ ಗಡಿ ಹಾಕಬಹುದು, ಇಳಿದು ಬರುವ ನೀರಿಗೆ ಹೇಗೆ ಹಾಕುವುದು? 1978ರಲ್ಲಿ ಇನ್ನೂ 48,000 ಎಕರೆ ಸೇರಿಸಿದರು. ಅದರಲ್ಲಿ ಹೆಚ್ಚಿನದು ಆಗಲೇ ಕಡಿದು ಮುಗಿಸಿದ ನೆಲ.

ಅಕ್ಕಪಕ್ಕದಲ್ಲೇ ರಾಜ್ಯದ ಮೂರು ಉದ್ಯಾನಗಳಿದ್ದವು. 1994ರಿಂದ ಕೇಂದ್ರ ಮತ್ತು ರಾಜ್ಯದ ಇಲಾಖೆಗಳು ಎಲ್ಲವನ್ನೂ ಕೂಡಿ ನೋಡಿಕೊಳ್ಳುತ್ತಿವೆ. 2018ರಲ್ಲಿ ಈ ಇಬ್ಬರ ಜೊತೆ 'ಸೇವ್ ದಿ ರೆಡ್‌ವುಡ್ಸ್ ಲೀಗ್' ಸೇರಿ ಕಡಿದು ಹಾಳಾದ ಕಾಡನ್ನು ಮತ್ತೆ ಸರಿಪಡಿಸುವ 'ರೆಡ್‌ವುಡ್ಸ್ ರೈಸಿಂಗ್' ಎಂಬ ಯೋಜನೆ ಶುರುವಾಯಿತು. ಲೀಗ್ 1918ರಿಂದಲೂ ದೇಣಿಗೆ ಕೂಡಿಸಿ ಕಾಡು ಕೊಂಡು ಉಳಿಸುತ್ತಾ ಬಂದ ಸಂಸ್ಥೆ.

ಈಗ ನಮ್ಮನ್ನು ಗೊಂದಲಕ್ಕೆ ಕೆಡವುವ ಭಾಗ. ಇವರು ಮರ ಕಡಿಯುತ್ತಾರೆ! ಕಾಡು ಉಳಿಸುವವರು ಕಡಿಯುವುದಾ? ಕಾರಣ ಇದೆ. ಹಿಂದೆ ಬೋಳಿಸಿದ ಜಾಗದಲ್ಲಿ ಬೇಗ ನಾಟಾ ಸಿಗಲೆಂದು ಡಗ್ಲಸ್ ಫರ್ ಎಂಬ ಬೇರೆ ಜಾತಿಯ ಮರದ ಬೀಜವನ್ನು ವಿಮಾನದಿಂದ ಎರಚಿದ್ದರು. ಅವು ಕಡ್ಡಿಗಳಂತೆ ಒತ್ತೊತ್ತಾಗಿ ಎದ್ದವು. ನೆಲಕ್ಕೆ ಬಿಸಿಲಿಲ್ಲ, ಕೆಳಗೆ ಜರಿಗಿಡವೂ ಇಲ್ಲ. ನಡುವೆ ಸಿಕ್ಕಿದ ರೆಡ್‌ವುಡ್ ಸೊರಗುತ್ತದೆ. ಸಸಿಮಡಿಯಲ್ಲಿ ಪೈರು ಒತ್ತಾದರೆ ನಾವು ಕೆಲವನ್ನು ಕೀಳುತ್ತೇವೆ ಅಲ್ವಾ, ಹಾಗೇ ಇದು. ಕಡಿದ ಮರ ಮಾರಿದ ಹಣ ಮತ್ತೆ ಇದೇ ಕೆಲಸಕ್ಕೆ ಬರುತ್ತದೆ.

ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ರಸ್ತೆ ಅಳಿಸುವ ಕೆಲಸ. ನಾಟಾ ಸಾಗಿಸಿದ ಹಳೆಯ ರಸ್ತೆಗಳು ತೊರೆ ದಾಟುವಲ್ಲೆಲ್ಲ ಮೋರಿ, ಅದರ ಮೇಲೆ ರಾಶಿ ಮಣ್ಣು. ಮೋರಿ ಕಟ್ಟಿಕೊಂಡರೆ ಅಷ್ಟೂ ಕೊಚ್ಚಿ ಹೋಗಿ, ಸಾಲ್ಮನ್ ಮೀನು ಮೊಟ್ಟೆಯಿಡುವ ಜಲ್ಲಿಯ ಮೇಲೆ ಕೂರುತ್ತದೆ. ಆದ್ದರಿಂದ ಯಂತ್ರ ತಂದು ಆ ಮಣ್ಣು ಅಗೆದು ತೆಗೆದು, ಗುಡ್ಡದ ಇಳಿಜಾರನ್ನು ಮೊದಲಿನಂತೆ ಮಾಡುತ್ತಾರೆ.

ಇದು ಮೊದಲಿನಿಂದ ಯೂರಾಕ್ ಎಂಬ ಮೂಲನಿವಾಸಿ ಜನರ ನಾಡು. ಪ್ರೇರಿ ಕ್ರೀಕ್ ತೊರೆಯನ್ನು ಮತ್ತೆ ಸರಿಪಡಿಸುವ ಕೆಲಸದಲ್ಲಿ ಅವರ ಕೈಗಳೂ ಇವೆ. ಆ ತೊರೆಯ ಪಕ್ಕ, ಹಿಂದೆ ಮರದ ಮಿಲ್ಲು ಇದ್ದ 125 ಎಕರೆಯನ್ನು ಅವರಿಗೆ ಹಿಂದಿರುಗಿಸುವ ಒಪ್ಪಂದಕ್ಕೆ 2024ರಲ್ಲಿ ಎಲ್ಲರೂ ಸಹಿ ಹಾಕಿದರು. ಆ ಜಾಗವನ್ನು ಅವರು ತಮ್ಮ ಭಾಷೆಯಲ್ಲಿ 'ಓ ರ್‍ಯೂ' ಎನ್ನುತ್ತಾರೆ.